4ಕೆ ಅಂತ ಹೇಳಿ ಮಾರಿದ ಲ್ಯಾಪ್‌ಟಾಪ್ ಬಗ್ಗೆ ನನ್ನ ಕೊನೆಯ ದೂರು

ಗ್ರಾಹಕ ದೂರು ಅಧಿಕಾರಿಗಳಿಗೆ,

ವಿಷಯ: ಹೊರಗಿನ ಮಾನಿಟರ್‌ಗೆ 4ಕೆ ಚಿತ್ರ 60 ಹರ್ಟ್ಸಿನಲ್ಲಿ (ಸೆಕೆಂಡಿಗೆ 60 ಸಲ) ಬಾರದಿರುವುದು ಮತ್ತು ನಿಮ್ಮ ಸರ್ವೀಸ್ ಸೆಂಟರಿನಲ್ಲಿ ನನಗಾದ ಅವಮಾನ

ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ, ಎರಡು ಇಮೇಲ್ ಕಳಿಸಿದೆ. ಪ್ರತಿ ಸಲವೂ ಹೊಸ ಟಿಕೆಟ್ ನಂಬರ್ ಕೊಟ್ಟಿರಿ, ಎರಡು ದಿನ ಬಿಟ್ಟು "ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಹಾಕಿ ಕ್ಲೋಸ್ ಮಾಡಿದಿರಿ. ಏನೂ ಬಗೆಹರಿದಿಲ್ಲ. ಮೊನ್ನೆ ಶನಿವಾರ ಆದದ್ದು ನೋಡಿದ ಮೇಲೆ ಇನ್ನು ಫೋನ್ ಮಾಡುವುದು ಬೇಡ ಅಂತ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಪುಸ್ತಕದ ಪುಟ ಕಟ್ಟುವುದು, ಪ್ರೂಫ್ ತಿದ್ದುವುದು. ದಿನಕ್ಕೆ ಎಂಟೊಂಬತ್ತು ಗಂಟೆ ಕನ್ನಡ ಅಕ್ಷರ ನೋಡುವುದೇ ಕೆಲಸ. ಅದಕ್ಕೇ 27 ಇಂಚಿನ 4ಕೆ ಮಾನಿಟರ್ ತಗೊಂಡೆ. ಅದಕ್ಕೆ ಹೊಂದಲಿ ಅಂತ ನಿಮ್ಮದೇ ವೆಬ್‌ಸೈಟಿನಿಂದ 54,990 ರೂಪಾಯಿ ಕೊಟ್ಟು ಈ ಲ್ಯಾಪ್‌ಟಾಪ್ ತರಿಸಿದೆ. ಆ ಪುಟದಲ್ಲಿ "ಎಚ್‌ಡಿಎಂಐ ಮೂಲಕ 4ಕೆ ಸಪೋರ್ಟ್" ಅಂತ ದಪ್ಪ ಅಕ್ಷರದಲ್ಲಿತ್ತು. ಎಚ್‌ಡಿಎಂಐ ಅಂದರೆ ಮಾನಿಟರಿನ ಕೇಬಲ್ ಚುಚ್ಚುವ ಪೋರ್ಟ್. ಎಷ್ಟು ಹರ್ಟ್ಸ್ ಅನ್ನುವುದು ಎಲ್ಲೂ ಇರಲಿಲ್ಲ. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

ಜೋಡಿಸಿದ ಮೊದಲ ದಿನವೇ ಗೊತ್ತಾಯ್ತು. ಮೌಸ್ ಬಾಣ ಜಾರುವ ಬದಲು ಕುಪ್ಪಳಿಸುತ್ತದೆ. ಪುಟ ಮೇಲೆ ಕೆಳಗೆ ಮಾಡಿದರೆ ಸಾಲುಗಳು ತಡವರಿಸುತ್ತವೆ. ಅರ್ಧ ಗಂಟೆಗೆ ತಲೆನೋವು. ಸೆಟ್ಟಿಂಗ್ಸಿನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದು ನೋಡಿದರೆ 4ಕೆ ಅಳತೆಗೆ, ಅಂದರೆ 3840 × 2160ಕ್ಕೆ, 30 ಹರ್ಟ್ಸ್ ಬಿಟ್ಟು ಮೇಲಕ್ಕೆ ಏನೂ ಇಲ್ಲ. ಅಕ್ಕನ ಮಗ ತನ್ನ ಲ್ಯಾಪ್‌ಟಾಪ್ ತಂದು ಅದೇ ಕೇಬಲ್, ಅದೇ ಮಾನಿಟರ್‌ಗೆ ಹಾಕಿದ. ತಕ್ಷಣ 60 ಬಂತು. ಅಂದರೆ ದೋಷ ಕೇಬಲ್ಲಿನದಲ್ಲ, ಮಾನಿಟರಿನದೂ ಅಲ್ಲ.

ನಿಮ್ಮ ಕಸ್ಟಮರ್ ಕೇರಿನ ಹುಡುಗಿಗೆ ಹೇಳಿದಾಗ ಟೈಪ್-ಸಿ ಇಂದ ಎಚ್‌ಡಿಎಂಐ ಅಡಾಪ್ಟರ್ ತಗೊಳ್ಳಿ, ಸರಿಹೋಗುತ್ತೆ ಅಂದರು. 1,650 ರೂಪಾಯಿ ಕೊಟ್ಟು ತಂದೆ. "ನೋ ಸಿಗ್ನಲ್" ಅಂತ ಬಂತು. ನಿಮ್ಮ ಟೈಪ್-ಸಿ ಪೋರ್ಟಿನಲ್ಲಿ ಡಿಸ್‌ಪ್ಲೇ ಹೋಗುವ ವ್ಯವಸ್ಥೆಯೇ ಇಲ್ಲ, ಅದು ಚಾರ್ಜಿಂಗ್ ಮತ್ತು ಡೇಟಾಗೆ ಮಾತ್ರ. ಇದು ನಿಮ್ಮವರಿಗೆ ಗೊತ್ತಿರಬೇಕಲ್ವಾ?

ಇನ್ನು ಶನಿವಾರದ ಮಾತು. ಮಾನಿಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ನಿಮ್ಮ ಸರ್ವೀಸ್ ಸೆಂಟರಿಗೆ ಹೋದೆ. ಟೋಕನ್ 14. ಒಂದು ಗಂಟೆ ಹತ್ತು ನಿಮಿಷ ಕಾದೆ. ಕೌಂಟರಿನವರು ತಲೆ ಎತ್ತದೆ, "ಡಿಸ್‌ಪ್ಲೇ ಬರ್ತಿದೆ ತಾನೇ ಮೇಡಂ, ಮತ್ತೇನು ಪ್ರಾಬ್ಲಂ?" ಅಂದರು. 30 ಹರ್ಟ್ಸ್ ಮಾತ್ರ ಬರ್ತಿದೆ ಅಂದೆ. ಅವರು ಪಕ್ಕದ ಕೌಂಟರಿನವರ ಕಡೆ ತಿರುಗಿ ನಕ್ಕು, "ನಿಮ್ಮ ಲ್ಯಾಪ್‌ಟಾಪಿನ ಸ್ಕ್ರೀನೇ ಫುಲ್ ಎಚ್‌ಡಿ. ಒಳಗೆ ಇಲ್ಲದ್ದು ಹೊರಗೆ ಎಲ್ಲಿಂದ ಬರುತ್ತೆ?" ಅಂದರು. ನಾನು ಏನೋ ಹೇಳುವಷ್ಟರಲ್ಲಿ ಅವರೇ 1920 × 1080ಕ್ಕೆ ಇಳಿಸಿ, 60 ಹಾಕಿ, "ನೋಡಿ, ಆಯ್ತು" ಅಂತ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು.

ನಾನು ಒಂದು ಪ್ರೂಫ್ ಪುಟ ತೆರೆದು ತೋರಿಸಿದೆ. ‘ಅರ್ಥ’ ಮತ್ತು ‘ಅರ್ಧ’ದ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಸಣ್ಣ ಟೈಪಿನ ಅಡಿಟಿಪ್ಪಣಿಯಲ್ಲಿ ಆ ಚುಕ್ಕೆ ಮಸುಕಾಗಿ ಹೋಗಿತ್ತು. ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಯಾಕೆ ಆಗದೆ ಇರುತ್ತೆ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇವೆ, ಅವರು ಇಳಿಸಿದ್ದು ಅದರ ಕಾಲು ಭಾಗಕ್ಕೆ. ಇದನ್ನು ಹೇಳಿದಾಗ ಅವರು ಕೊಟ್ಟ ಉತ್ತರ: "ನಂಗೆ ಚೆನ್ನಾಗೇ ಕಾಣ್ತಿದೆ. ಒಂದ್ಸಲ ಕನ್ನಡಕದ ನಂಬರ್ ಚೆಕ್ ಮಾಡಿಸ್ಕೊಳ್ಳಿ ಮೇಡಂ." ಹಿಂದೆ ಕಾಯುತ್ತಿದ್ದವರು ನಕ್ಕರು. ನನ್ನ ವಯಸ್ಸು 51. ಇಪ್ಪತ್ತೆರಡು ವರ್ಷದಿಂದ ಈ ಕಣ್ಣಲ್ಲೇ ಪ್ರೂಫ್ ನೋಡಿದ್ದೇನೆ. ಆ ಜಾಗದಲ್ಲಿ ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಜಾಬ್ ಶೀಟ್ ಮುಂದಿಟ್ಟರು. "ಗ್ರಾಹಕರಿಗೆ ತೃಪ್ತಿಯಾಗಿದೆ" ಅಂತ ಮೊದಲೇ ಟಿಕ್ ಹಾಕಿತ್ತು. ಸೈನ್ ಮಾಡಲ್ಲ ಅಂದೆ. ಮಾಡದಿದ್ದರೆ ಲ್ಯಾಪ್‌ಟಾಪ್ ವಾಪಸ್ ಕೊಡೋಕಾಗಲ್ಲ ಅಂದರು. ನನ್ನ ದುಡ್ಡಿನ ವಸ್ತು ನನಗೇ ಕೊಡೋಕಾಗಲ್ಲ! ಆ ಟಿಕ್ಕಿನ ಮೇಲೆ ಗೀಟು ಎಳೆದು, ಕೆಳಗೆ ‘ಒಪ್ಪಿಗೆ ಇಲ್ಲ’ ಅಂತ ಬರೆದು ಸೈನ್ ಮಾಡಿ ಬಂದೆ. ಅದರ ಫೋಟೋನೂ ಇದೆ.

ನಿಮ್ಮ ಎಂಜಿನಿಯರುಗಳಿಗೆ ಇದು ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಲ್ಯಾಪ್‌ಟಾಪಿನ ಸ್ವಂತ ಪರದೆಗೂ ಹೊರಗಿನ ಮಾನಿಟರ್‌ಗೆ ಎಷ್ಟು ಹೋಗುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಡೂಪ್ಲಿಕೇಟ್ ಇಟ್ಟರೆ, ಅಂದರೆ ಎರಡರಲ್ಲೂ ಒಂದೇ ಚಿತ್ರ ತೋರಿಸಿದರೆ, ಎರಡೂ ಒಂದೇ ಅಳತೆಗೆ ಬರುತ್ತವೆ, ಸರಿ. ನಾನು ಇಟ್ಟಿದ್ದು ಎಕ್ಸ್‌ಟೆಂಡ್, ಅಂದರೆ ಎರಡನೇ ಪರದೆ ಬೇರೆಯೇ. ಅಲ್ಲಿ ಮಿತಿ ಹಾಕುವುದು ಗ್ರಾಫಿಕ್ಸ್ ಚಿಪ್, ಪೋರ್ಟ್ ಮತ್ತು ಕೇಬಲ್. ನಿಮ್ಮ ಪೋರ್ಟ್ ಎಚ್‌ಡಿಎಂಐನ ಹಳೇ 1.4 ಆವೃತ್ತಿ. ಅದರ ಹಾದಿ ಸೆಕೆಂಡಿಗೆ 10.2 ಗಿಗಾಬಿಟ್, 4ಕೆ ಅದರಲ್ಲಿ 30 ಹರ್ಟ್ಸಿಗೆ ನಿಲ್ಲುತ್ತದೆ. 60 ಬೇಕಾದರೆ 18 ಗಿಗಾಬಿಟ್‌ನ 2.0 ಬೇಕು. ಆ 2.0 ಬಂದದ್ದು 2013ರಲ್ಲಿ! ಹಳೇ ಪೋರ್ಟ್ ಹಾಕಿದ್ದು ನಿಮ್ಮ ಇಷ್ಟ, ಬೆಲೆ ಇಳಿಸೋಕೆ ಹಾಕಿರಬಹುದು. ಆದರೆ ಅದನ್ನು ಮಾರುವ ಪುಟದಲ್ಲಿ ಬರೆಯಬೇಕಿತ್ತು. ಈ ‘1.4’ ನನಗೆ ಸಿಕ್ಕಿದ್ದು ಸಪೋರ್ಟ್ ವಿಭಾಗದಲ್ಲಿರುವ ಮ್ಯಾನ್ಯುಯಲ್ಲಿನ ಕೊನೆ ಪುಟದಲ್ಲಿ. ಅಷ್ಟು ಹುಡುಕಿ ಯಾರು ಲ್ಯಾಪ್‌ಟಾಪ್ ತಗೊಳ್ತಾರೆ?

ನಿಮ್ಮ ರಿಟರ್ನ್ ನಿಯಮದಲ್ಲಿ ‘ವಿವರಣೆಗೆ ಹೊಂದದ ವಸ್ತು’ ಅಂತ ಒಂದು ಕಲಂ ಇದೆ. ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮದಂತೆ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು, ಅದೂ ನಿಮಗೆ ಗೊತ್ತಿದೆ. ನನ್ನ ಮೊದಲ ಇಮೇಲಿಗೆ ಇವತ್ತು 37 ದಿನ.

ಲ್ಯಾಪ್‌ಟಾಪಿನ ಹಣ, ಅಡಾಪ್ಟರಿನ 1,650 ರೂಪಾಯಿ ವಾಪಸ್ ಬರಬೇಕು, ಕೌಂಟರಿನ ಮಾತಿಗೆ ಲಿಖಿತ ಕ್ಷಮೆ ಬೇಕು. ಹದಿನೈದು ದಿನ ನೋಡುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಅಲ್ಲಿಂದ ನೇರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಹೆಡ್ ಆಫೀಸು ಎಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಲ್ಲೇ ಕೇಸು ಹಾಕಬಹುದು. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ಅಲ್ಲಿ ಪುಟ ಕಟ್ಟುವವಳು ನಾನೇ. ‘ಒಪ್ಪಿಗೆ ಇಲ್ಲ’ ಅಂತ ಬರೆದ ಜಾಬ್ ಶೀಟ್ ಮೊದಲ ಪುಟದಲ್ಲೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ, ಶಿವಮೊಗ್ಗ