ಮಗನಿಗೆ ದಯೆ ಕಲಿಸಬೇಕೆಂದ ಗೆಳೆಯನಿಗೊಂದು ಪತ್ರ

ಮಂಡ್ಯ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ನೀನು ಕೇಳಿರುವುದು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಯೋಚಿಸಿ ಬರೆಯೋಣವೆಂದು ತಡೆದೆ. ನಿನ್ನ ಮಗ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನನ್ನು ಎಲ್ಲರ ಮುಂದೆ ಅಣಕಿಸಿದನೆಂದೂ, ಆ ಹುಡುಗ ಮಾರನೆಯ ದಿನ ಶಾಲೆಗೇ ಬರಲಿಲ್ಲವೆಂದೂ, ಸಂಗತಿ ತಿಳಿದು ನೀನು ಮಗನಿಗೆ ಎರಡೇಟು ಹಾಕಿದೆಯೆಂದೂ, ಆಮೇಲೆ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿ ಅವನು ಮಾಡುವ ಪ್ರತಿಯೊಂದು ಒಳ್ಳೆಯ ಕೆಲಸಕ್ಕೂ ಹತ್ತು ರೂಪಾಯಿ ಗೊತ್ತುಮಾಡಿರುವೆಯೆಂದೂ ಬರೆದಿದ್ದೀಯೆ. ಕೊನೆಗೆ, “ಎಂಟು ವರ್ಷದ ಮಗುವಿಗೆ ದಯೆ ಕಲಿಸುವುದು ಹೇಗೆ? ಮೇಷ್ಟರಾದ ನೀನೇ ಹೇಳು” ಎಂದು ಕೇಳಿದ್ದೀಯೆ.

ನನಗೆ ತಿಳಿದ ಮಟ್ಟಿಗೆ ದಯೆಯೆಂಬ ಭಾವನೆಯನ್ನು ಹೊರಗಿನಿಂದ ಮಗುವಿನೊಳಗೆ ತುಂಬಲು ಬರುವುದಿಲ್ಲ, ತುಂಬುವ ಅಗತ್ಯವೂ ಇಲ್ಲ. ಅದು ಅಲ್ಲಿ ಮೊದಲೇ ಇರುತ್ತದೆ. ನಾವು ಕಲಿಸಬೇಕಾದದ್ದು ದಯೆಯ ಕೆಲಸವನ್ನು. ಎದುರಿಗಿರುವವರಿಗೆ ಏನು ಬೇಕಾಗಿದೆ ಎಂದು ಗಮನಿಸುವುದು, ಅದನ್ನು ಅವರ ಮಾನಕ್ಕೆ ಕುಂದು ಬಾರದಂತೆ ಮಾಡುವುದು, ನಾಲ್ವರು ನಗುತ್ತಿರುವಾಗ ತಾನು ನಗದೆ ಇರುವುದು, ಇವೆಲ್ಲ ಅಭ್ಯಾಸದಿಂದ ಬರುವಂಥವು. ಯಾರೂ ಹೇಳಿಕೊಡದೆ ಹೋದರೆ ಎಷ್ಟೇ ಮೃದು ಮನಸ್ಸಿನ ಮಗುವಾದರೂ ನಗುವವರ ಗುಂಪಿನಲ್ಲಿ ಸೇರಿಕೊಂಡುಬಿಡುತ್ತದೆ. ನಿನ್ನ ಮಗ ಕೆಟ್ಟವನಲ್ಲ. ಈ ಕೆಲಸ ಅವನಿಗೆ ಗೊತ್ತಿಲ್ಲ, ಅಷ್ಟೆ.

ಮಕ್ಕಳಲ್ಲಿ ಅದು ಮೊದಲೇ ಇದೆಯೆಂದು ನಾನು ಅಭಿಮಾನದಿಂದ ಹೇಳುತ್ತಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ನೋಡಿದ್ದು ಹದಿನೆಂಟು ತಿಂಗಳ ಕೂಸುಗಳನ್ನು. ಬಟ್ಟೆ ಒಣಹಾಕುತ್ತಿದ್ದ ದೊಡ್ಡವರ ಕೈಯಿಂದ ಕ್ಲಿಪ್ಪು ಕೆಳಗೆ ಬಿದ್ದು, ಅವರು ಅದಕ್ಕಾಗಿ ಕೈಚಾಚುತ್ತಿದ್ದರೆ, ಯಾರೂ ಕೇಳದೆಯೇ ಹೆಚ್ಚಿನ ಕೂಸುಗಳು ಹೋಗಿ ಎತ್ತಿಕೊಟ್ಟವು. ಎರಡೂ ಕೈಯಲ್ಲಿ ಪತ್ರಿಕೆಗಳನ್ನು ಹಿಡಿದುಕೊಂಡು ಬೀರುವಿನ ಮುಂದೆ ನಿಂತವರಿಗೆ ಬಾಗಿಲು ತೆರೆದುಕೊಟ್ಟವು. ಅದೇ ಕ್ಲಿಪ್ಪನ್ನು ಬೇಕೆಂದೇ ಎಸೆದಾಗ ಮಾತ್ರ ಹಾಗೆ ಎತ್ತಿಕೊಡಲು ಹೋಗಲಿಲ್ಲ. ಅಂದರೆ, ನೆರವು ಬೇಕಾದವರು ಯಾರು, ಬೇಡದವರು ಯಾರು ಎಂಬುದು ಮಾತು ಸರಿಯಾಗಿ ಬಾರದ ಆ ವಯಸ್ಸಿನಲ್ಲಿಯೇ ತಿಳಿಯುತ್ತದೆ. ಇದೇ ಇಬ್ಬರು 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಿನ್ನ ಗೋಡೆಯ ಪಟ್ಟಿಗೆ ನೇರವಾಗಿ ಸಂಬಂಧಿಸಿದೆ. ಇಪ್ಪತ್ತು ತಿಂಗಳ ಮಕ್ಕಳಲ್ಲಿ ಕೆಲವರಿಗೆ ನೆರವಾದಾಗಲೆಲ್ಲ ಆಟದ ಸಾಮಾನು ಕೊಟ್ಟರು, ಕೆಲವರನ್ನು ಬಾಯಲ್ಲಿ ಹೊಗಳಿದರು, ಕೆಲವರಿಗೆ ಏನನ್ನೂ ಕೊಡಲಿಲ್ಲ. ಆಮೇಲೆ ಮತ್ತೆ ನೆರವಾಗುವ ಸಂದರ್ಭ ಬಂದಾಗ, ಬಹುಮಾನ ಪಡೆದಿದ್ದ ಮಕ್ಕಳೇ ಎಲ್ಲರಿಗಿಂತ ಹಿಂದೆ ಉಳಿದರು. ಒಂದು ಕೆಲಸಕ್ಕೆ ಕೂಲಿ ಗೊತ್ತುಮಾಡಿದ ಮೇಲೆ ಕೂಲಿ ಸಿಗದ ದಿನ ಅದನ್ನು ಏಕೆ ಮಾಡಬೇಕು ಎಂಬ ಪ್ರಶ್ನೆ ಮಗುವಿನಲ್ಲಿ ಏಳುವುದು ಸಹಜ. ಆದ್ದರಿಂದ ಆ ಪಟ್ಟಿಯನ್ನು ದಯವಿಟ್ಟು ಇವತ್ತೇ ತೆಗೆದುಬಿಡು. ತೆಗೆಯುವಾಗ ಮಗನಿಗೆ ಕಾರಣವನ್ನೂ ಹೇಳು.

ಏಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮೇಷ್ಟರಿಗೆ ಸಲ್ಲದ್ದು ಅಪ್ಪನಿಗೆ ಸಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. ಕಾನೂನಿನ ಮಾತು ಬಿಟ್ಟು ನೋಡಿದರೂ, ಏಟು ತಿಂದ ಮಗು ಆ ಹೊತ್ತಿನಲ್ಲಿ ತನ್ನ ಬೆನ್ನಿನ ಉರಿಯನ್ನು ಕುರಿತು ಯೋಚಿಸುತ್ತದೆಯೇ ಹೊರತು ತನ್ನಿಂದ ನೊಂದವನನ್ನು ಕುರಿತಲ್ಲ. ಮಕ್ಕಳಲ್ಲಿ ಅನುಕಂಪ ಬೆಳೆಯುವ ಬಗೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಒತ್ತಿ ಹೇಳಿದ್ದು ಇದನ್ನೇ: ತಪ್ಪು ಮಾಡಿದ ಮಗುವಿನ ಗಮನವನ್ನು ತನಗಾಗುವ ಶಿಕ್ಷೆಯ ಕಡೆಗಲ್ಲ, ನೊಂದವರ ಕಡೆಗೆ ತಿರುಗಿಸಬೇಕು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನೀನು ಹಾಗೆ ಮಾತಾಡಿ ತೋರಿಸಿದಾಗ ಅವನ ಮುಖ ಹೇಗಾಯಿತು? ಆಮೇಲೆ ಅವನು ಎಲ್ಲಿ ಹೋಗಿ ಕುಳಿತ? ಊಟ ಮಾಡಿದನೇ?” ಎಂದು ಸಮಾಧಾನದಿಂದ ಕೇಳಿ ನೋಡು. ಉತ್ತರಕ್ಕೆ ಅವಸರ ಮಾಡಬೇಡ. ಅವನು ಸುಮ್ಮನೆ ಕುಳಿತಿದ್ದರೂ ನಡೆದದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನೋಡುತ್ತಿರುತ್ತಾನೆ.

ನನ್ನ ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದೊಂದನ್ನು ಇಲ್ಲಿ ಬರೆಯಬೇಕು. ನಾನು ನಲಿ-ಕಲಿ ತರಗತಿ ತೆಗೆದುಕೊಳ್ಳುವುದು ನಿನಗೆ ಗೊತ್ತು. ಈ ಪದ್ಧತಿ ಹುಟ್ಟಿದ್ದು ನಿಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತು ಕಲಿಯುತ್ತಾರೆ. ಆ ಗುಂಪುಗಳನ್ನು ನಾವು ತಟ್ಟೆಗಳೆನ್ನುತ್ತೇವೆ. ಮೇಷ್ಟರ ನೆರವಿನಿಂದ ಕಲಿಯುವ ತಟ್ಟೆ ಇರುವಂತೆ ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಯೂ ಇದೆ. ದಯೆಯನ್ನು ಕುರಿತ ಪಾಠ ಅಲ್ಲಿ ನಡೆಯುವುದಿಲ್ಲ. ಆದರೆ ಅಕ್ಷರ ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿನ ಪಕ್ಕದಲ್ಲಿ ಕುಳಿತು, ಅದರ ವೇಗಕ್ಕೆ ತನ್ನ ವೇಗವನ್ನು ತಗ್ಗಿಸಿಕೊಂಡು, ಕೈಹಿಡಿದು ತೋರಿಸುವ ಕೆಲಸ ದಿನವೂ ನಡೆಯುತ್ತದೆ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಬಳ್ಳಾರಿ ಕಡೆಯಿಂದ ಕೂಲಿಯ ಕುಟುಂಬಗಳು ನಮ್ಮ ಸೀಮೆಗೆ ಬಂದು, ನಾಲೆಯ ಬದಿಯಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಇರುತ್ತವೆ. ಅಂಥ ಕುಟುಂಬದ ಹುಡುಗಿಯೊಬ್ಬಳು ವರ್ಷದ ನಡುವೆ ನನ್ನ ತರಗತಿಗೆ ಬಂದಳು. ಮಾತುಮಾತಿಗೂ ಆಕೆ “ರೀ” ಹಚ್ಚಿ ಮಾತಾಡುವುದು ನಮ್ಮ ಮಕ್ಕಳಿಗೆ ನಗೆಯ ವಿಷಯವಾಯಿತು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಆಕೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ನಾನು ಮಕ್ಕಳಿಗೆ ಬುದ್ಧಿ ಹೇಳುವ ಬದಲು ಇಬ್ಬರು ಹುಡುಗಿಯರನ್ನು ಕರೆದು ಕೆಲಸ ಒಪ್ಪಿಸಿದೆ: ನಲ್ಲಿ ಎಲ್ಲಿದೆ, ಶೌಚಾಲಯ ಎಲ್ಲಿದೆ, ಬಿಸಿಯೂಟದ ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಆಕೆಗೆ ತೋರಿಸಬೇಕು, ಆಟಕ್ಕೆ ಬಿಟ್ಟಾಗ ತಮ್ಮ ಜೊತೆಗೆ ಕರೆದುಕೊಳ್ಳಬೇಕು. ಮಾರನೆಯ ಬೆಳಿಗ್ಗೆ ಹಾಲು ಕೊಡುವಾಗ ಆಕೆಯ ಬಳಿ ಲೋಟವಿರಲಿಲ್ಲ. ಆ ಇಬ್ಬರಲ್ಲಿ ಒಬ್ಬಳು ತನ್ನ ಪಾಲಿನ ಹಾಲನ್ನು ಬಾಯಿ ಸುಡುವಷ್ಟು ಅವಸರದಲ್ಲಿ ಕುಡಿದು, ನಲ್ಲಿಯ ಬಳಿಗೆ ಓಡಿ, ಲೋಟವನ್ನು ಒಳಗೂ ಹೊರಗೂ ತಿಕ್ಕಿ ತೊಳೆದು, ಲಂಗದಿಂದ ಒರೆಸಿ ಆಕೆಯ ಕೈಗೆ ಕೊಟ್ಟಳು. ನಾನು ಒಪ್ಪಿಸಿದ ಕೆಲಸದಲ್ಲಿ ಲೋಟದ ಮಾತೇ ಇರಲಿಲ್ಲ. ಆ ಮಗು ತಾನಾಗಿ ನೋಡಿತು, ತಾನಾಗಿ ಮಾಡಿತು. ನಾನು ನಿನಗೆ ಹೇಳಬೇಕೆಂದಿರುವುದೆಲ್ಲ ಆ ತೊಳೆದ ಲೋಟದಲ್ಲಿದೆ. ಒಬ್ಬ ಹುಡುಗನ ಅಣಕ ಮಾತ್ರ ಇನ್ನೂ ಕೆಲವು ದಿನ ನಡೆದೇ ಇತ್ತು. ಆದರೆ ಜೊತೆಗೆ ನಗುವವರು ಕಡಿಮೆಯಾದಂತೆ ಅವನಿಗೂ ಅದರಲ್ಲಿ ರುಚಿ ಉಳಿಯಲಿಲ್ಲ.

ಇನ್ನು ಉಗ್ಗಿನ ವಿಷಯ. ನಿನ್ನ ಮಗನಿಗೆ ಇದನ್ನು ಯಾರಾದರೂ ವಿವರಿಸಿ ಹೇಳಿದ್ದಾರೆಯೇ? ತಿಳಿಯದ್ದನ್ನು ಕಂಡು ನಗುವ ಮಕ್ಕಳಲ್ಲಿ ಅನೇಕರು ತಿಳಿದ ಮೇಲೆ ನಗುವುದನ್ನು ಬಿಡುತ್ತಾರೆ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಅನೇಕರಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. ಹೇಳಬೇಕಾದ ಮಾತು ಆ ಮಗುವಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಅದು ಬಾಯಿಂದ ಹೊರಡುವಲ್ಲಿ ಮಾತ್ರ ತಡೆಯಾಗುತ್ತದೆ. ಕೇಳುವವರು ಅವಸರಪಡಿಸಿದಷ್ಟೂ ತಡೆ ಹೆಚ್ಚುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಆದರೂ, “ನಿಧಾನವಾಗಿ ಹೇಳು”, “ಉಸಿರು ಎಳೆದುಕೊಂಡು ಹೇಳು” ಎನ್ನುವುದರಿಂದಲೂ, ಅವನು ಹೇಳಹೊರಟ ಪದವನ್ನು ನಾವೇ ಮುಂದಾಗಿ ಆಡಿಬಿಡುವುದರಿಂದಲೂ ಅವನಿಗೆ ಕಷ್ಟವೇ. ಆದ್ದರಿಂದ ಮಗನಿಗೆ ಮಾಡಲು ಬರುವಂಥ ಕೆಲಸವನ್ನು ಹೇಳಿಕೊಡು: ಅವನು ಮಾತಾಡುವಾಗ ಮುಖ ನೋಡುತ್ತಿರು, ಮುಗಿಯುವವರೆಗೆ ಕಾಯು, ಹೇಗೆ ಹೇಳಿದ ಎಂಬುದನ್ನು ಬಿಟ್ಟು ಏನು ಹೇಳಿದ ಎಂಬುದಕ್ಕೆ ಉತ್ತರ ಕೊಡು. ಮನೆಯಲ್ಲಿ ನೀವಿಬ್ಬರೂ ಇದನ್ನು ಅಭ್ಯಾಸ ಮಾಡಬಹುದು. ಮಗ ಏನಾದರೂ ಹೇಳಲು ಬಂದಾಗ ನೀನು ಮೊಬೈಲು ಕೆಳಗಿಟ್ಟು ಪೂರ್ತಿ ಕೇಳಿದರೆ, ಕಾಯುವುದೆಂದರೇನು ಎಂಬುದು ಅವನಿಗೆ ತಾನೇ ತಿಳಿಯುತ್ತದೆ.

ಉಗ್ಗುವವರು ಹಾಡುವಾಗ ಅಥವಾ ಬೇರೆಯವರೊಡನೆ ಒಕ್ಕೊರಲಿನಲ್ಲಿ ಓದುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ನಿನ್ನ ಮಗನ ತರಗತಿಯ ಶಿಕ್ಷಕಿಯನ್ನು ಕಂಡು, ಎಲ್ಲ ಮಕ್ಕಳನ್ನೂ ಇಬ್ಬಿಬ್ಬರನ್ನಾಗಿ ಮಾಡಿ ಜೊತೆಯಾಗಿ ಗಟ್ಟಿಯಾಗಿ ಓದಿಸಲು ಸಾಧ್ಯವೇ ಎಂದು ವಿನಯದಿಂದ ಕೇಳು. ಎಲ್ಲರೂ ಹಾಗೆ ಓದಿದರೆ ಆ ಹುಡುಗನೊಬ್ಬನನ್ನೇ ಬೇರೆಯಾಗಿ ಕಂಡಂತೆ ಆಗುವುದಿಲ್ಲ. 1965ರಲ್ಲಿ ಸ್ಥಾಪನೆಯಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮ ಮನೆಯಿಂದ ದೂರವೇನಲ್ಲ. ಉಗ್ಗಿಗೆ ಅಲ್ಲಿ ತಜ್ಞರ ಚಿಕಿತ್ಸೆ ದೊರೆಯುತ್ತದೆ. ಆದರೆ ಆ ಹುಡುಗನ ತಂದೆತಾಯಿಗೆ ನೀನಾಗಿ ಈ ಸಲಹೆ ಕೊಡಲು ಹೋಗಬೇಡ. ನೀನು ಈಗ ಹೋಗಬೇಕಾದದ್ದು ಕ್ಷಮೆ ಕೇಳಲು.

ಕ್ಷಮೆ ಕೇಳುವುದು ತರಗತಿಯ ಮುಂದೆ ಬೇಡ. ನೀನು ಹಾಗೆ ಯೋಚಿಸಿರುವೆಯೆಂದು ಬರೆದಿದ್ದೀಯೆ, ಆದರೆ ಎಲ್ಲರ ಕಣ್ಣಿಗೆ ಗುರಿಯಾಗಿ ನೊಂದ ಹುಡುಗನನ್ನು ಮತ್ತೆ ಎಲ್ಲರ ಕಣ್ಣಿಗೆ ಗುರಿಮಾಡುವುದು ಸರಿಯಲ್ಲ. ಮೊದಲು ಆ ಹುಡುಗನ ತಾಯಿಗೆ ಫೋನು ಮಾಡಿ ಕೇಳಿ, ಅವರು ಬನ್ನಿ ಎಂದರೆ ಮಗನನ್ನು ಕರೆದುಕೊಂಡು ಮನೆಗೆ ಹೋಗು. ಹೇಳಬೇಕಾದ ಎರಡು ಮಾತನ್ನು ಅವನೇ ಹೇಳಲಿ, ನೀನು ನಡುವೆ ಬಾಯಿ ಹಾಕಬೇಡ. ಆ ಹುಡುಗ ಒಡನೆಯೇ “ಪರವಾಗಿಲ್ಲ” ಎನ್ನಬೇಕೆಂದು ಯಾರೂ ಒತ್ತಾಯಿಸದಿರಲಿ. ಅವನಿಗೆ ಇನ್ನೂ ಸಿಟ್ಟಿದ್ದರೆ ಅದು ನ್ಯಾಯವಾದ ಸಿಟ್ಟು. ಅದು ಇಳಿಯಲು ಬೇಕಾದಷ್ಟು ದಿನ ನಿನ್ನ ಮಗ ಕಾಯಬೇಕು.

ಇನ್ನೊಂದು ಮಾತು, ಇದನ್ನು ನಮ್ಮಂಥ ದೊಡ್ಡವರಿಗೆಲ್ಲ ಸೇರಿಸಿ ಹೇಳುತ್ತಿದ್ದೇನೆ. ಅಣಕ ಮಾಡುವುದನ್ನು ಮಕ್ಕಳು ಶಾಲೆಯಲ್ಲಿ ಕಲಿಯುವುದಿಲ್ಲ. ಒಂದೇ ಹೆಸರಿನವರು ಊರಿನಲ್ಲಿ ಮೂವರಿದ್ದರೆ ಗುರುತಿಗೆಂದು ಒಬ್ಬನ ಕಾಲಿನ ಊನವನ್ನೋ ಇನ್ನೊಬ್ಬನ ಕಿವುಡನ್ನೋ ಹೆಸರಿನ ಹಿಂದೆ ಅಂಟಿಸುವುದು ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಹಿಂದಿನಿಂದ ನಡೆದು ಬಂದದ್ದು, ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಮದುವೆ ಮುಗಿಸಿ ಬಂದು ನಡುಮನೆಯಲ್ಲಿ ಕುಳಿತು, ಅಲ್ಲಿ ಕಂಡವರ ನಡಿಗೆಯನ್ನೂ ಮಾತನ್ನೂ ಮಾಡಿ ತೋರಿಸಿ ನಗುವುದು ಎಷ್ಟು ಮನೆಗಳಲ್ಲಿ ಇಲ್ಲ! ಬಾಗಿಲಿನ ಹಿಂದೆ ನಿಂತ ಮಗು ಅದನ್ನೆಲ್ಲ ನೋಡುತ್ತಿರುತ್ತದೆ. ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಸೀಟಿ ಊದುತ್ತ ತಳ್ಳುಗಾಡಿ ತರುವ ಪೌರಕಾರ್ಮಿಕರನ್ನು ನೀವು ಮನೆಯಲ್ಲಿ ಏನೆಂದು ಕರೆಯುತ್ತೀರಿ? 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರಿಗೆ ಮೊದಲ ಸ್ಥಾನ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದನ್ನು ಗಳಿಸಿಕೊಟ್ಟವರ ಹೆಸರು ಕೇಳಿ ತಿಳಿದುಕೊಂಡು, ಹೆಸರಿನ ಜೊತೆ ಅಣ್ಣನೆಂದೋ ಅಕ್ಕನೆಂದೋ ಸೇರಿಸಿ ಕರೆಯುವುದನ್ನು ನೀನು ಶುರುಮಾಡು, ಮಗ ಹಿಂದೆಯೇ ಶುರುಮಾಡುತ್ತಾನೆ. ಬೇಸಿಗೆಯಲ್ಲಿ ಅವರಿಗೆ ನೀರು ಕೊಡುವ ಕೆಲಸವನ್ನು ಅವನಿಗೇ ಬಿಡು.

ಸಂಕ್ರಾಂತಿಗೆ ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ಮನೆಯಲ್ಲೇ ಉಳಿಸುವ ರೂಢಿಯನ್ನೂ ಈ ಸಲ ಬಿಟ್ಟುಬಿಡು. ಕೊಬ್ಬರಿ ಹೆಚ್ಚುವುದರಿಂದ ಹಿಡಿದು ಮನೆಮನೆಗೆ ಹೋಗಿ ಕೊಡುವವರೆಗೆ ಅವನೂ ಜೊತೆಗಿರಲಿ. ಹಬ್ಬದ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿಗೆ ನೀವೆಲ್ಲ ನಮ್ಮೂರಿಗೆ ಬನ್ನಿ. ಮಾರನೆಯ ದಿನ ಆಲೆಮನೆಗೆ ಹೋಗೋಣ. ಅಲ್ಲಿಗೆ ಬಂದವರಿಗೆ ಯಾರೆಂದು ಕೇಳದೆ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ಕೊಡುವುದು ನಮ್ಮ ಕಡೆಯ ವಾಡಿಕೆಯಲ್ಲವೇ? ಆ ದಿನ ಎಲ್ಲರಿಗೂ ಲೋಟ ತುಂಬಿ ಕೊಡುವ ಕೆಲಸವನ್ನು ನಿನ್ನ ಮಗನಿಗೂ ನನ್ನ ಶಾಲೆಯ ಮಕ್ಕಳಿಗೂ ಒಪ್ಪಿಸೋಣ. ಆ ಹುಡುಗನ ಮನೆಯವರು ಒಪ್ಪಿದರೆ ಅವನನ್ನೂ ಕರೆದುಕೊಂಡು ಬಾ. ಅಷ್ಟರೊಳಗೆ, ನೀವು ಅವರ ಮನೆಗೆ ಹೋಗಿದ್ದು ಏನಾಯಿತೆಂದು ತಪ್ಪದೆ ಬರೆ.

ಇಂತಿ ನಿನ್ನ
ಮಂಡ್ಯದ ಗೆಳೆಯ