ಮಂಗಳವಾರ ರಜೆ ಅಂತ ನಿಮಗೆ ಗೊತ್ತಿರಬೇಕಿತ್ತು

ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಿಮ್ಮ ಟೂರಿನಲ್ಲಿ ನಮ್ಮ ಅವ್ವನಿಗೆ ಆದದ್ದರ ಬಗ್ಗೆ ನಾಲ್ಕು ಸಲ ಫೋನ್ ಮಾಡಿದೆ. ಪ್ರತಿ ಸಲವೂ "ನೋಡ್ತೀವಿ ಸರ್" ಅಂದಿರಿ. ನಿನ್ನೆ ನಿಮ್ಮ ಆಫೀಸಿನ ಹುಡುಗ ನಾನು ಮಾತಾಡುತ್ತಿದ್ದಾಗಲೇ ಫೋನ್ ಇಟ್ಟುಬಿಟ್ಟ. ಅದಕ್ಕೇ ಈ ಪತ್ರ.

ಬಾಗಲಕೋಟೆಯಿಂದ ಹೊರಟ ನಿಮ್ಮ ತಮಿಳುನಾಡು ಟೂರಿಗೆ ಅವ್ವನನ್ನು ಕರೆದುಕೊಂಡು ಬಂದದ್ದೇ ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿರುವ ದಕ್ಷಿಣಚಿತ್ರ ತೋರಿಸಲು. ಬುಕ್ ಮಾಡುವಾಗಲೇ ಇದನ್ನು ಹೇಳಿದ್ದೆ. 1996ರಲ್ಲಿ ಶುರುವಾದ ಆ ಜಾಗದಲ್ಲಿ ದಕ್ಷಿಣದ ರಾಜ್ಯಗಳ ಹಳೇ ಮನೆಗಳಿವೆ. ಕೆಡವಲು ಹೊರಟಿದ್ದ ಎಷ್ಟೋ ಮನೆಗಳನ್ನು ಕೊಂಡು, ಕಂಬ ತೊಲೆ ಬಿಚ್ಚಿ ತಂದು, ಅಲ್ಲಿ ಮತ್ತೆ ಎಬ್ಬಿಸಿದ್ದಾರೆ. ಕರ್ನಾಟಕದ ಭಾಗದಲ್ಲಿ ನಮ್ಮ ಇಳಕಲ್ ನೇಕಾರರ ಮನೆಯೂ ಇದೆ.

ಅವ್ವ ಇಳಕಲ್ಲಿನವಳು. ಮದುವೆಯಾಗುವವರೆಗೂ ಕುಣಿಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತಿದವಳು, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದನ್ನು ಅಜ್ಜನಿಂದ ಕಲಿತವಳು. ತವರಿನ ಆ ಮನೆ ಈಗಿಲ್ಲ. ಅಂಥದೊಂದು ಮನೆಯ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು ಅನ್ನುವುದು ಅವಳ ಆಸೆ. ಅವತ್ತು ಇಳಕಲ್ಲಿನ ಟೋಪ್ ತೆನಿ ಸೆರಗಿನ ಸೀರೆ ಉಟ್ಟು ಬೆಳಿಗ್ಗೆ ಐದಕ್ಕೇ ರೆಡಿಯಾಗಿದ್ದಳು.

ನೀವು ಕರೆದುಕೊಂಡು ಹೋದದ್ದು ಮಂಗಳವಾರ. ಮಂಗಳವಾರ ಅಲ್ಲಿ ವಾರದ ರಜೆ. ಟೂರ್ ನಡೆಸುವವರಿಗೆ ಇಷ್ಟು ಗೊತ್ತಿರಬೇಕು, ಅಲ್ವಾ? ಗೇಟು ಹಾಕಿತ್ತು. ಅವ್ವ ಇಳಿದು ಹೋಗಿ ಗೇಟಿನ ಮುಂದೆ ನಿಂತಳು. ರಾತ್ರಿ ವಸ್ತಿ ಮಹಾಬಲಿಪುರದಲ್ಲೇ ಇತ್ತು, ಅಲ್ಲಿಂದ ಒಂದು ತಾಸಿನ ದಾರಿಯೂ ಅಲ್ಲ. ಹಾಗಾಗಿ ನಿಮ್ಮ ಟೂರ್ ಲೀಡರ್‌ಗೆ, "ನಾಳೆ ಹತ್ತಕ್ಕೆ ತೆಗೀತಾರೆ, ಒಮ್ಮೆ ಬಂದು ಹೋಗೋಣ" ಅಂತ ಕೇಳಿದೆ. ಆತ ನನ್ನ ಕಡೆ ನೋಡಲೂ ಇಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, 38 ಜನಕ್ಕೂ ಕೇಳುವ ಹಾಗೆ, "ಏನ್ರೀ ಅಮ್ಮಾರ, ಇಳಕಲ್ ಮನಿ ನೋಡಾಕ ಮದ್ರಾಸಿಗೆ ಬರಬೇಕೇನು? ಊರಿಗೆ ಹೋಗಿ ನಿಮ್ಮ ಮನಿನ ನೋಡ್ರಿ" ಅಂದ. ಕೆಲವರು ನಕ್ಕರು. ಹಿರಿಯರಿಗೆ ಹೀಗೆ ಮಾತಾಡ್ತೀರಾ ಅಂತ ಕೇಳಿದರೆ, "ಎಲ್ಲಾರಿಗೂ ಲೇಟಾಗಾಕತ್ತೈತಿ, ಹತ್ರಿ ಹತ್ರಿ" ಅಂತ ಚಪ್ಪಾಳೆ ತಟ್ಟಿದ, ದನ ಎಬ್ಬಿಸುವ ಹಾಗೆ. ಅವ್ವ ಒಂದೂ ಮಾತಾಡಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ಬಂದು ಕೂತಳು. ಊರು ಮುಟ್ಟುವವರೆಗೂ ಆ ಸುದ್ದಿ ಎತ್ತಲಿಲ್ಲ. ಅದೇ ದಿನ ಶಂಖದ ಸಾಮಾನಿನ ಅಂಗಡಿ ಮುಂದೆ ಒಂದೂವರೆ ತಾಸು ಬಸ್ ನಿಲ್ಲಿಸಿದಿರಿ.

ಕಂಪನಿಯ ತಪ್ಪಿನಿಂದ ಜಾಗ ತಪ್ಪಿದರೆ ಹಣ ವಾಪಸ್ ಅಂತ ನಿಮ್ಮ ಕರಪತ್ರದ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ. ಈಗ ಪ್ರವೇಶದ ಟಿಕೆಟ್ ದುಡ್ಡು ಮಾತ್ರ ಕೊಡ್ತೀವಿ ಅಂತೀರಿ. ಅದು ನನಗೆ ಬೇಡ. ಇಬ್ಬರ ಆ ದಿನದ ಪೂರ್ತಿ ಹಣ ಬರಬೇಕು. ಆ ಮನುಷ್ಯ ನಮ್ಮ ಮನೆಗೆ ಬಂದು ಅವ್ವನ ಹತ್ತಿರ ಕ್ಷಮೆ ಕೇಳಬೇಕು.

15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ, ನಾನೇ ನಿಂತು ಮಾತಾಡುತ್ತೇನೆ. ರಸೀದಿ, ಕರಪತ್ರ ಎಲ್ಲಾ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿದ್ದ ಇಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಮುಂದಿನ ತಿಂಗಳು ನಿಮ್ಮ ಬಸ್ ಹೊರಡುವ ದಿನ ನಾನೂ ಅಲ್ಲಿರುತ್ತೇನೆ. ಹತ್ತುವ ಒಬ್ಬೊಬ್ಬರ ಕೈಗೂ ಈ ಪತ್ರದ ಪ್ರತಿ ಕೊಡುತ್ತೇನೆ.