ಬಾಟಲಿಗೆ ಗ್ಯಾಸ್ ಬರೋದು ಹೇಗೆ

ಪ್ರೀತಿಯ ಅಣ್ಣನಿಗೆ,

ನಾನು ಕ್ಷೇಮ. ಮನೆಯಲ್ಲೇ ಬಿಯರ್ ಮಾಡೋದು ಕಲೀತಿದ್ದೀನಿ ಅಂದಾಗ, "ಸರಿ, ಅದಕ್ಕೆ ಗ್ಯಾಸ್ ಹೇಗೆ ತುಂಬ್ತೀಯ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯೋ ಮಾತಲ್ಲ ಅಂತ ಬರೀತಿದ್ದೀನಿ.

ಗ್ಯಾಸ್ ತುಂಬೋದೇ ಇಲ್ಲ ಕಣೋ. ಹುದುಗಿದ ಬಿಯರಿನಲ್ಲಿ ಯೀಸ್ಟ್ ಇನ್ನೂ ಬದುಕಿರುತ್ತೆ, ತಿನ್ನೋಕೆ ಮಾತ್ರ ಏನೂ ಉಳಿದಿರಲ್ಲ. ಬಾಟಲಿಗೆ ಹಾಕೋ ಮುಂಚೆ ಅದಕ್ಕೆ ಸ್ವಲ್ಪ ಸಕ್ಕರೆ ಕೊಟ್ಟು ಮುಚ್ಚಳ ಬಿಗಿದುಬಿಡೋದು. ಯೀಸ್ಟ್ ಸಕ್ಕರೆ ತಿಂದು ಬಿಡೋ ಇಂಗಾಲದ ಡೈಆಕ್ಸೈಡಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಬಿಯರಿನಲ್ಲೇ ಕರಗುತ್ತೆ.

ಹಾಗಾಗಿ ಇಡೀ ಕೆಲಸದಲ್ಲಿ ಹೆದರಬೇಕಾದ್ದು ಸಕ್ಕರೆಯ ತೂಕಕ್ಕೆ. ಲೀಟರಿಗೆ ಸುಮಾರು 6 ಗ್ರಾಂ, ಅಂದರೆ 20 ಲೀಟರಿಗೆ 120 ಗ್ರಾಂ. ಚಮಚದ ಅಂದಾಜು ನಡೆಯಲ್ಲ, ತೂಕ ಮಾಡಲೇಬೇಕು. ಹೆಚ್ಚಾದರೆ ಒತ್ತಡ ತಾಳದೆ ಗಾಜು ಸಿಡಿಯುತ್ತೆ (ಈ ಸಾಲು ಅಮ್ಮನಿಗೆ ಓದಿ ಹೇಳಬೇಡ, ನಿದ್ದೆ ಮಾಡಲ್ಲ). ಹುದುಗೋದು ಪೂರ್ತಿ ಮುಗಿಯೋ ಮುಂಚೆ ಬಾಟಲಿಗೆ ಹಾಕಿದರೂ ಇದೇ ಗತಿ, ಯಾಕಂದರೆ ಒಳಗೆ ಉಳಿದ ಸಕ್ಕರೆಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತೆ. ಗುಳ್ಳೆ ನಿಂತಿತು ಅಂತ ನಂಬೋ ಹಾಗಿಲ್ಲ. ಹೈಡ್ರೋಮೀಟರ್ ಇಳಿಬಿಟ್ಟು ನೋಡಬೇಕು. ಬಿಯರ್ ನೀರಿಗಿಂತ ಎಷ್ಟು ದಟ್ಟ ಅಂತ ತೋರಿಸೋ ತೇಲುಗೊಳವೆ ಅದು, ಯೀಸ್ಟ್ ಸಕ್ಕರೆ ತಿಂದಷ್ಟೂ ಅಂಕಿ ಇಳಿಯುತ್ತೆ. ಇವತ್ತು 1.010 ತೋರಿಸಿದ್ದು ಎರಡು ಮೂರು ದಿನ ಬಿಟ್ಟು ನೋಡಿದರೂ 1.010 ಇದ್ದರೆ ಮಾತ್ರ ಮುಂದಿನ ಮಾತು.

ತೊಳೆಯೋದರ ಬಗ್ಗೆ ಹೆಚ್ಚು ಬರೆಯಲ್ಲ, ತೊಳೆದೇ ಸಾಕಾಗಿದೆ. ಕೊಳೆ ಉಳಿದ ಬಾಟಲಿಗೆ ಎಷ್ಟು ಸ್ಯಾನಿಟೈಸರ್ ಸುರಿದರೂ ದಂಡ ಅನ್ನೋದಷ್ಟು ನೆನಪಿಟ್ಟುಕೋ.

ಸಕ್ಕರೆಯನ್ನ ಸ್ವಲ್ಪ ನೀರಲ್ಲಿ ಕುದಿಸಿ, ಆರಿಸಿ, ಬೇರೆ ಬಕೆಟ್ಟಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನ ಪೈಪಿನಲ್ಲಿ ಸದ್ದಿಲ್ಲದೆ ಇಳಿಸಬೇಕು. ದಬದಬ ಸುರಿದರೆ ಗಾಳಿ ಸೇರಿ, ಸ್ವಲ್ಪ ದಿನಕ್ಕೆ ಒದ್ದೆ ರಟ್ಟಿನ ರುಚಿ ಬಂದುಬಿಡುತ್ತೆ. ತುಂಬೋಕೆ ತುದಿಯಲ್ಲಿ ಸ್ಪ್ರಿಂಗ್ ಇರೋ ಒಂದು ಕೊಳವೆ ಇದೆ. ಬಾಟಲಿಯ ತಳಕ್ಕೆ ಒತ್ತಿದರೆ ಹರಿಯುತ್ತೆ, ಎತ್ತಿದರೆ ನಿಲ್ಲುತ್ತೆ. ಬಾಯಿಮಟ್ಟ ತುಂಬಿ ಕೊಳವೆ ಹೊರಗೆ ತೆಗೆದರೆ, ಕುತ್ತಿಗೆಯಲ್ಲಿ ಬಿಡಬೇಕಾದ ಜಾಗ ತಾನಾಗೇ ಬಿಟ್ಟುಕೊಂಡಿರುತ್ತೆ! ಇದನ್ನ ಯೋಚಿಸಿದವನಿಗೆ ಒಂದು ನಮಸ್ಕಾರ. ಮುಚ್ಚಳ ಮಾತ್ರ ಹಳೇದೇ, ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಹಲ್ಲುಹಲ್ಲಿನ ಮುಚ್ಚಳ. ಎರಡು ಹಿಡಿ ಇರೋ ಸಾಧನದಿಂದ ಒತ್ತಿದರೆ ಕಚ್ಚಿಕೊಳ್ಳುತ್ತೆ. ತಿರುಗಿಸಿ ತೆಗೆಯೋ ಬಾಟಲಿಯ ಮೇಲೆ ಅದು ಸರಿಯಾಗಿ ಕೂರಲ್ಲ. ಬಾಟಲಿ ಕಂದು ಬಣ್ಣದ್ದೇ ಬೇಕು. ಬಿಳಿ, ಹಸಿರು ಗಾಜಿನೊಳಗೆ ಬೆಳಕು ಹೊಕ್ಕು ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂವು) ಕೆಟ್ಟು ನಾರುತ್ತೆ.

ಈಗ ಎಲ್ಲ ಕತ್ತಲಲ್ಲಿ ಕೂತಿವೆ. ಕೋಣೆ 20 ಡಿಗ್ರಿ ಆಸುಪಾಸು ಇದ್ದರೆ ಎರಡು ವಾರ ಬೇಕು. ಒಂದನ್ನ ಬೇಕಂತಲೇ ಪ್ಲಾಸ್ಟಿಕ್ ಬಾಟಲಿಗೆ ತುಂಬಿದ್ದೀನಿ. ಅದನ್ನ ಹಿಸುಕಿ ನೋಡಿದರೆ ಒಳಗೆ ಎಷ್ಟು ಗ್ಯಾಸ್ ಆಗಿದೆ ಅಂತ ಗೊತ್ತಾಗುತ್ತೆ, ಗಾಜಿನದು ತೆರೆಯೋದೇ ಬೇಡ. ನಿನ್ನೆ ಇನ್ನೂ ಮೆತ್ತಗಿತ್ತು. ಗಟ್ಟಿಯಾದ ಮೇಲೆ ಒಂದನ್ನ ಫ್ರಿಜ್ಜಿನಲ್ಲಿಟ್ಟು, ತಳದ ಯೀಸ್ಟ್ ಕದಡದ ಹಾಗೆ ಬಗ್ಗಿಸಿ ಕುಡಿದು, ಹೇಗಿತ್ತು ಅಂತ ಬರೀತೀನಿ.

ಅತ್ತಿಗೆಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ